ತಲೆನೋವಿನ ಜೊತೆ ಕಣ್ಣಲ್ಲಿ ಮಿಂಚು, ಕೈಯಲ್ಲಿ ಜೋಮು: ಯಾವಾಗ ಆಸ್ಪತ್ರೆಗೆ ಓಡಬೇಕು?



ಸಂಘದ ವೈದ್ಯಕೀಯ ನೆರವು ನಿಧಿಯ ಕೆಲಸ ನೋಡಿಕೊಳ್ಳುವ ನನಗೆ ತಲೆನೋವಿನ ಬಗ್ಗೆ ಆಗಾಗ ಫೋನು ಬರುತ್ತದೆ. “ಕಣ್ಣೆದುರು ಏನೋ ಮಿನುಗಿತು, ಬೆರಳು ಜೋಮು ಹಿಡಿಯಿತು, ಆಮೇಲೆ ತಲೆ ಸಿಡಿಯಿತು. ಮೆದುಳಲ್ಲಿ ಗಡ್ಡೆ ಇರಬಹುದಾ?” ನಾನು ವೈದ್ಯನಲ್ಲ, ಇದೇ ತಲೆನೋವಿನ ಹಳೆಯ ರೋಗಿ. ತಜ್ಞರಿಂದ ಕೇಳಿ, ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಅರೆತಲೆನೋವು ಇಲ್ಲಿನ ಬಂಗಾಳಿಗಳಿಗೆ ‘ಆಧ್‌ಕೊಪಾಲಿ’. ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ಜನರನ್ನು ವಿಚಾರಿಸಿ 2015ರಲ್ಲಿ ನಿಮ್ಹಾನ್ಸ್ ತಜ್ಞರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿತ್ತು. ಮೈಗ್ರೇನ್ ಇರುವ ಕೆಲವರಿಗೆ ಮಾತ್ರ ನೋವಿಗೆ ಮುಂಚೆ ಮುನ್ಸೂಚನೆ ಬರುತ್ತದೆ. ವೈದ್ಯರು ಅದಕ್ಕೆ ‘ಆರಾ’ ಎನ್ನುತ್ತಾರೆ.

ನನಗೆ ಅದು ಬರುವುದು ಹೀಗೆ: ಪತ್ರಿಕೆ ಓದುತ್ತಿದ್ದಂತೆ ಸಾಲಿನ ನಡುವೆ ಒಂದೆರಡು ಅಕ್ಷರ ಮಾಯ. ಅದರ ಸುತ್ತ ಕೋಟೆಯ ತೆನೆಯಂಥ ಅಂಕುಡೊಂಕು ಬೆಳಕು, ಪೂಜೆಯ ದಿನಗಳ ಚಂದನನಗರದ ದೀಪಗಳಂತೆ ಓಡುತ್ತದೆ. ಇಪ್ಪತ್ತು ನಿಮಿಷದಲ್ಲಿ ಅಂಚಿಗೆ ಸರಿದು ಮರೆಯಾಗುತ್ತದೆ. ಕೆಲವರಿಗೆ ಜೋಮು ಬೆರಳಿನಿಂದ ತೋಳಿಗೆ, ಅಲ್ಲಿಂದ ತುಟಿ ನಾಲಿಗೆಗೆ ಏರುತ್ತದೆ. ಮೆದುಳಿನ ಮೇಲ್ಪದರದಲ್ಲಿ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್‌ನಷ್ಟು ಹರಡುತ್ತದೆ. ಅದು ದಾಟಿದ ಜಾಗ ಸ್ವಲ್ಪ ಹೊತ್ತು ಮಂಕಾಗುತ್ತದೆ. ಬ್ರೆಜಿಲ್‌ನ ವಿಜ್ಞಾನಿ ಲಿಯಾವೊ 1944ರಲ್ಲಿ ಮೊಲಗಳ ಮೆದುಳಿನಲ್ಲಿ ಇಂಥ ಅಲೆಯನ್ನು ವರ್ಣಿಸಿದರು. ಇರುವೆ ಸಾಲಿನ ಈ ನಿಧಾನವೇ ಮೈಗ್ರೇನಿನ ಗುರುತು. ಒಂದೊಂದು ಲಕ್ಷಣವೂ ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ.

ಪಾರ್ಶ್ವವಾಯು ಹೀಗೆ ಹೇಳಿ ಕಳಿಸಿ ಬರುವುದಿಲ್ಲ. ಮುಖ ಓರೆಯಾಗುವುದು, ಕೈ ಸೋಲುವುದು, ಮಾತು ತೊದಲುವುದು ಥಟ್ಟನೆ ಆಗುತ್ತದೆ. ಒಂದು ನಿಮಿಷದೊಳಗೆ ತಾರಕಕ್ಕೇರುವ, ಸಿಡಿಲು ಬಡಿದಂಥ ತಲೆನೋವು ಮೆದುಳಿನ ಸುತ್ತ ರಕ್ತ ಸೋರಿದ್ದರ ಸೂಚನೆಯಾಗಿರಬಹುದು. ಜ್ವರದೊಂದಿಗೆ ಕತ್ತು ಬಿಗಿದರೆ, ಫಿಟ್ಸ್ ಬಂದರೆ, ಗಂಟೆ ಕಳೆದರೂ ಜೋಮು ಇಳಿಯದಿದ್ದರೆ ಕಾಯಬೇಡಿ. ಐವತ್ತು ದಾಟಿದ ಮೇಲೆ ಇದು ಮೊದಲ ಸಲ ಕಾಣಿಸಿಕೊಂಡರೂ ತೋರಿಸಲೇಬೇಕು. ಬಾಣಂತಿಯ ತಲೆನೋವನ್ನಂತೂ ‘ನಿದ್ದೆಗೆಟ್ಟಿದ್ದಾಳೆ’ ಎಂದು ತಳ್ಳಿಹಾಕಬೇಡಿ. ಹೆರಿಗೆಯ ನಂತರದ ವಾರಗಳಲ್ಲಿ ಮೆದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಹಳೆಯ ಪಥ್ಯ ಅದಕ್ಕೆ ಇಂಬು ಕೊಡುತ್ತದೆ. (ಅಜ್ಜಿಯಂದಿರು ಮುನಿಸಿಕೊಳ್ಳಬಾರದು.) ಆರಾ ಬರುವ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ಇದನ್ನು ಹೇಳಬೇಕು, ಕೆಲವು ಮಾತ್ರೆಗಳು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತವೆ.

ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಾಗಾಗಿ ಲಕ್ಷಣ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ನಮ್ಮ ಊರಲ್ಲಿ ಪಿ.ಜಿ. ಆಸ್ಪತ್ರೆಗೆ ಸೇರಿದ ಬಾಂಗೂರ್ ನರವಿಜ್ಞಾನ ಸಂಸ್ಥೆ ಇದೆ, ಮಲ್ಲಿಕ್ ಬಜಾರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ನ್ಯೂರೋಸೈನ್ಸಸ್ ಇದೆ. ನಿಮ್ಮ ಮನೆಯಿಂದ ಯಾವುದಕ್ಕೆ ಬೇಗ ತಲುಪಬಹುದೆಂದು ಇವತ್ತೇ ನೋಡಿಟ್ಟುಕೊಳ್ಳಿ.

ಇನ್ನೊಂದು ತೊಡಕು ನಮ್ಮಂಥವರದೇ. ಊರಿಂದ ಮಗನ ಮನೆಗೆ ಬಂದಿರುವ ತಾಯಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಆಕೆಯ ಮಾತು ತೊದಲುತ್ತಿದೆಯೇ, ಅರ್ಥ ತಪ್ಪಿದೆಯೇ ಎಂಬುದು ಡ್ಯೂಟಿ ಡಾಕ್ಟರಿಗೆ ಹೇಗೆ ತಿಳಿಯಬೇಕು? ಅವರ ಕಿವಿಗೆ ಎಲ್ಲವೂ ಬರೀ ಕನ್ನಡ. ಪಕ್ಕದಲ್ಲಿ ಕನ್ನಡ ಬಲ್ಲವರೊಬ್ಬರು ನಿಂತು “ಇದು ಅವರ ಎಂದಿನ ಮಾತಲ್ಲ” ಎಂದು ಹೇಳಿದರೆ ಅದೇ ಅರ್ಧ ಪರೀಕ್ಷೆ. ಜೋಮಿಗೆ ಬಂಗಾಳಿಯಲ್ಲಿ ‘ಝಿನ್‌ಝಿನ್ ಕೊರ್ಛೆ’ ಎಂದರೆ ಸಾಕು.

ರಾತ್ರಿ ಹೊತ್ತು ಹೀಗೆ ಜೊತೆಗೆ ಹೋಗಬಲ್ಲ ಸ್ವಯಂಸೇವಕರು ನಮಗೆ ಬೇಕು. ಕೈಯಲ್ಲಿ ಕಾಸಿಲ್ಲದ ಮನೆಗೆ ಆಂಬುಲೆನ್ಸ್, ಸ್ಕ್ಯಾನಿನ ಖರ್ಚನ್ನು ಆ ಗಳಿಗೆಯಲ್ಲೇ ಕೊಡಲು ನಿಧಿಯಲ್ಲಿ ಹಣವೂ ಇರಬೇಕು. ಹೆಸರು ಕೊಡುವವರು, ದೇಣಿಗೆ ಕೊಡುವವರು ಸಂಘದ ಕಚೇರಿಗೆ ತಿಳಿಸಿ.