ಪ್ರಶ್ನೆ ಹುಟ್ಟಿಸದ ಪುಸ್ತಕ ಎಷ್ಟು ದಪ್ಪವಿದ್ದರೇನು?

ನೋಡಮ್ಮ, ಏಳು ವರ್ಷದ ಮಗ ದೊಡ್ಡವರ ಪುಸ್ತಕವನ್ನು ಗಡಗಡನೆ ಓದುತ್ತಾನೆ ಎಂದ ಮಾತ್ರಕ್ಕೆ ಹೈಸ್ಕೂಲಿನ ಇತಿಹಾಸದ ಪಠ್ಯವನ್ನು ಅವನ ಕೈಗೆ ಕೊಡಬೇಡ. ಅದರಲ್ಲಿ ಫ್ರಾನ್ಸಿನ ಕ್ರಾಂತಿಗೆ ಕಾರಣಗಳು, ಪರಿಣಾಮಗಳು ಅಂತ ಪಟ್ಟಿ ಇರುತ್ತದೆ. ಅವನು ಸಂಜೆಯೊಳಗೆ ಬಾಯಿಪಾಠ ಮಾಡಿ ಒಪ್ಪಿಸುತ್ತಾನೆ, ಮನೆಗೆ ಬಂದವರೆಲ್ಲ ಭೇಷ್ ಅನ್ನುತ್ತಾರೆ. ಆದರೆ ಹೀಗೆ ಒಪ್ಪಿಸಿದ್ದರಲ್ಲಿ ಅವನಿಗೆ ಯೋಚಿಸುವ ಕೆಲಸವೇ ಇರುವುದಿಲ್ಲ. ಚುರುಕು ಮಕ್ಕಳಿಗೆ ನೆನಪಿನ ಶಕ್ತಿ ಹೇಗೂ ಇದ್ದೇ ಇರುತ್ತದೆ. ನೀನು ಹುಡುಕಬೇಕಾದದ್ದು ‘ಇದು ಅವರಿಗೆ ಹೇಗೆ ಗೊತ್ತಾಯ್ತು?’ ಎಂದು ಅವನಿಂದ ಕೇಳಿಸುವ ಪುಸ್ತಕವನ್ನು.

ಮೊದಲಿಗೆ, ಆದಿಯಿಂದ ಕಥೆ ಹೇಳಿಕೊಂಡು ಹೋಗುವ ಪುಸ್ತಕ ಒಂದಿರಲಿ. ಮನೆಯಲ್ಲೇ ಓದಿಸುವವರಲ್ಲಿ ಬಹಳ ಜನ ಹಿಡಿಯುವುದು ಸೂಸನ್ ವೈಸ್ ಬಾವರ್ ಬರೆದ ‘ದಿ ಸ್ಟೋರಿ ಆಫ್ ದ ವರ್ಲ್ಡ್’. ಒಟ್ಟು ನಾಲ್ಕು ಸಂಪುಟ. ಮೊದಲನೆಯದು ಅಲೆಮಾರಿಗಳಿಂದ ಶುರುವಾಗಿ ರೋಮಿನ ಕೊನೆಯ ಚಕ್ರವರ್ತಿಯಲ್ಲಿ ನಿಲ್ಲುತ್ತದೆ. ಪುಟ್ಟ ಪುಟ್ಟ ಅಧ್ಯಾಯಗಳು, ಕೇಳಿಸಲು ಆಡಿಯೋ ಕೂಡ ಇದೆ. ಈಜಿಪ್ಟಿನ ದೊರೆಗಳ ಜೊತೆಗೇ ಬೈಬಲ್ಲಿನ ಅಬ್ರಹಾಂ, ಮೋಸೆಸರ ಕಥೆಗಳೂ ಅದರಲ್ಲಿ ಬರುತ್ತವೆ. ಅದಕ್ಕೆ ಪುಸ್ತಕವನ್ನು ಬಿಡಬೇಕಿಲ್ಲ. ಯಾವುದಕ್ಕೆ ಶಾಸನವೋ ಗೋರಿಯೋ ಸಾಕ್ಷಿಯಾಗಿದೆ, ಯಾವುದು ಬಾಯಿಂದ ಬಾಯಿಗೆ ಬಂದ ಕಥೆ ಎಂದು ವಿಂಗಡಿಸುವ ಕೆಲಸವನ್ನು ಮಗನಿಗೇ ವಹಿಸು.

ಗೊಂಬ್ರಿಕ್‌ನ ‘ಎ ಲಿಟ್ಲ್ ಹಿಸ್ಟರಿ ಆಫ್ ದ ವರ್ಲ್ಡ್’ ನನಗೆ ಇನ್ನೂ ಇಷ್ಟ. 1935ರಲ್ಲಿ ವಿಯೆನ್ನಾದಲ್ಲಿ, 26ರ ಹರೆಯದಲ್ಲಿ, ಆರೇ ವಾರದಲ್ಲಿ ಬರೆದದ್ದು. ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ ಹಾಗಿದೆ. ಯೂರೋಪಿನ ಕಡೆಗೇ ವಾಲುತ್ತದೆ, ನಿಜ. ಆದರೆ ಎಷ್ಟೋ ದಶಕಗಳ ಮೇಲೆ ಸೇರಿಸಿದ ಕೊನೆಯ ಅಧ್ಯಾಯದಲ್ಲಿ, ಮೊದಲ ಮಹಾಯುದ್ಧ ಮುಗಿದ ಬಗೆಯ ಕುರಿತು ತಾನು ಬರೆದಿದ್ದನ್ನು ಲೇಖಕನೇ ತಿದ್ದಿದ್ದಾನೆ. ಆ ಅಧ್ಯಾಯವನ್ನು ತಪ್ಪದೆ ಓದಿಸು. ಅಚ್ಚಾದದ್ದೆಲ್ಲ ಕೊನೆಯ ಮಾತಲ್ಲ ಎಂಬುದು ಮಗುವಿಗೆ ಬೇಗ ತಿಳಿದಷ್ಟೂ ಒಳ್ಳೆಯದು.

ಏಷ್ಯಾದ ಕಡೆಯಿಂದ ನೋಡಬೇಕೆಂದರೆ ನೆಹರೂ ಇದ್ದಾರೆ. 1930ರಿಂದ 1933ರವರೆಗೆ ಜೈಲಿನಿಂದ ಮಗಳಿಗೆ ಬರೆದ 196 ಪತ್ರಗಳೇ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’. ಇಡಿಯಾಗಿ ಈಗಲೇ ಬೇಡ, ಆರಿಸಿ ಆರಿಸಿ ನೀನೇ ಓದಿ ಹೇಳು. ಚೆಂಗೀಸ್ ಖಾನನ ಪತ್ರದಿಂದ ಶುರು ಮಾಡಬಹುದು. ಬೇರೆ ಪುಸ್ತಕಗಳಲ್ಲಿ ಊರೂರನ್ನೇ ಸುಟ್ಟ ಕ್ರೂರಿಯಾಗಿ ಬರುವವನನ್ನು ನೆಹರೂ ಬೆರಗಿನಿಂದಲೂ ನೋಡುತ್ತಾರೆ. ಎರಡನ್ನೂ ಒಂದೇ ವಾರದಲ್ಲಿ ಓದಿಸಿ ಸುಮ್ಮನಿರು. ಜಗಳ ತೆಗೆಯುವುದು ಅವನಿಗೆ ಬಿಟ್ಟದ್ದು.

ಇನ್ನು ಸಾಕ್ಷಿಗಳ ಮಾತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಮಣ್ಣಿನ ಹಲಗೆಯೊಂದಿದೆ. ಹೆಚ್ಚುಕಡಿಮೆ 3,750 ವರ್ಷ ಹಳೆಯದು, ಸಿಕ್ಕಿದ್ದು ಇರಾಕಿನ ಉರ್ ಪಟ್ಟಣದಲ್ಲಿ. ನನ್ನಿ ಎಂಬ ಗಿರಾಕಿ ಏಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಬರೆಸಿದ ದೂರು ಅದು. ಕಳಪೆ ತಾಮ್ರ ತೋರಿಸಿದೆ, ಹಣಕ್ಕೆಂದು ಕಳಿಸಿದ ನನ್ನ ಆಳುಗಳನ್ನು ಹೀನಾಯ ಮಾಡಿ ಬರಿಗೈಯಲ್ಲಿ ಅಟ್ಟಿದೆ, ಇನ್ನು ಮೇಲೆ ಮಾಲನ್ನು ನಾನೇ ನೋಡಿ ಆರಿಸುತ್ತೇನೆ ಅನ್ನುವುದು ಅದರ ತಾತ್ಪರ್ಯ. ಮ್ಯೂಸಿಯಂ ತಾಣದಲ್ಲಿ ಚಿತ್ರ ಸಿಗುತ್ತದೆ. ತೋರಿಸಿ, ಒಂದು ಉಂಡೆ ಜೇಡಿಮಣ್ಣು, ಒಂದು ಕಡ್ಡಿ ಕೊಡು. ಮೆಸೊಪೊಟೇಮಿಯಾದ ರಾಜರ ಪಟ್ಟಿಗಿಂತ ಈ ಜಗಳಗಂಟ ಗಿರಾಕಿ ಹೆಚ್ಚು ಕಾಲ ನೆನಪಿರುತ್ತಾನೆ. ಇಂಥದ್ದೇ ಇನ್ನೂ ಬೇಕೆಂದರೆ ಅದೇ ಮ್ಯೂಸಿಯಂನ ನೂರು ವಸ್ತುಗಳ ಮೇಲೆ ನೀಲ್ ಮ್ಯಾಕ್‌ಗ್ರೆಗರ್ 2010ರಲ್ಲಿ ಬಿಬಿಸಿ ರೇಡಿಯೋಗೆ ಮಾಡಿದ ಸರಣಿ ಕೇಳಿಸು. ಒಂದೊಂದು ಕಂತೂ ಕಾಲು ಗಂಟೆ.

ಪ್ರಪಂಚದ ಇತಿಹಾಸ ನಮ್ಮ ಊರನ್ನು ಬಿಟ್ಟು ನಡೆದದ್ದಲ್ಲ. ಮೊರಾಕ್ಕೊದ ಇಬ್ನ್ ಬತೂತಾ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದು ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎಂದಿದ್ದಾನೆ. ಅದನ್ನು ಬರೆಸಿದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ, ತನ್ನ ದೇಶಕ್ಕೆ ಮರಳಿದ ನಂತರ. ಲೆಕ್ಕ ಅಷ್ಟು ಕರಾರುವಾಕ್ಕಾಗಿ ನೆನಪಿತ್ತೇ? ಅಲ್ಲಿ ಏನು ಕಲಿಸುತ್ತಿದ್ದರು? ಮಗ ಕೇಳಲಿ. ಆ ಖಂಡದಿಂದ ನಮ್ಮ ಅಡುಗೆಗೆ ಬಂದ ತರಕಾರಿಗಳ ಬಗ್ಗೆ ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಇದೆ. ನೀನು ಓದಿಕೊಂಡು ಅಡುಗೆಮನೆಯಲ್ಲೇ ಪಾಠ ಮಾಡಬಹುದು. ಹಕ್ಕ ಬುಕ್ಕರ ಸಾರಿನಲ್ಲಿ ಒಣಮೆಣಸಿನಕಾಯಿಯೂ ಇರಲಿಲ್ಲ, ಟೊಮೆಟೊವೂ ಇರಲಿಲ್ಲ ಎಂದು ಹೇಳಿ ನೋಡು. ಮತ್ತೆ ಖಾರಕ್ಕೆ ಏನು ಹಾಕುತ್ತಿದ್ದರು ಅನ್ನುವ ಪ್ರಶ್ನೆ ಬರದಿದ್ದರೆ ಕೇಳು. ಕಾಳುಮೆಣಸಿಗೆ ಹೋದರೆ ಅಲ್ಲಿಂದ ವಾಸ್ಕೊ ಡ ಗಾಮನಿಗೆ ಹೆಚ್ಚು ದೂರವಿಲ್ಲ.

ಒಂದು ಎಚ್ಚರಿಕೆ. ಇಂಥ ಮಕ್ಕಳ ಬುದ್ಧಿಗೆ ಹದಿನೈದಾಗಿದ್ದರೂ ಮನಸ್ಸಿಗೆ ಇನ್ನೂ ಏಳೇ. ಗುಲಾಮರ ಹಡಗು, ಹಿಟ್ಲರನ ಶಿಬಿರ, ಹಿರೋಶಿಮಾ ಇವನ್ನು ಓದಿ ಅರ್ಥ ಮಾಡಿಕೊಳ್ಳುತ್ತಾನೆ, ಆದರೆ ರಾತ್ರಿ ನಿದ್ದೆ ಬರದೆ ನಿನ್ನ ಪಕ್ಕಕ್ಕೆ ಬರುತ್ತಾನೆ. ಟೆರಿ ಡಿಯರಿಯ ‘ಹಾರಿಬಲ್ ಹಿಸ್ಟರೀಸ್’ ಸರಣಿ ನಗಿಸುತ್ತದೆ, ಜೊತೆಗೆ ತಲೆ ಕಡಿಯುವ ಚಿತ್ರಗಳೂ ಇರುತ್ತವೆ. ಕೆಲವು ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಕೆಲವರು ಹೆದರುತ್ತಾರೆ. ನೀನು ಮೊದಲು ಓದದ ಪುಸ್ತಕ ಅವನ ಕೈಗೆ ಹೋಗದಿರಲಿ. ಅವನಾಗಿ ಕೇಳಿದರೆ ಸುಳ್ಳು ಹೇಳಬೇಡ. ಕೇಳಿದಷ್ಟಕ್ಕೆ ಉತ್ತರಿಸು, ಅದಕ್ಕಿಂತ ಮುಂದೆ ಹೋಗಬೇಡ. ಆನ್ ಫ್ರಾಂಕ್ ಹದಿಮೂರರಿಂದ ಹದಿನೈದರ ವಯಸ್ಸಿನಲ್ಲಿ ಡೈರಿ ಬರೆದಳು. ಅವನೂ ಹತ್ತಿರ ಹತ್ತಿರ ಆ ವಯಸ್ಸಿಗೆ ಬಂದಾಗ ಓದಲಿ.

ಪರೀಕ್ಷೆಯ ಚಿಂತೆ ಈಗ ಬೇಡ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಹತ್ತನೇ ತರಗತಿಗೆ ಹದಿನಾಲ್ಕು ತುಂಬಬೇಕು. ಇಸವಿಗಳನ್ನು ಅಚ್ಚುಕಟ್ಟು ಮಾಡಿಕೊಳ್ಳಲು ಆಗ ಬೇಕಾದಷ್ಟು ಹೊತ್ತಿರುತ್ತದೆ. ಯಾವುದರದ್ದೂ ಪೂರ್ತಿ ಸೆಟ್ ಒಂದೇ ಸಲಕ್ಕೆ ಕೊಳ್ಳಬೇಡ. ಲೈಬ್ರರಿಯಿಂದಲೋ ಗೆಳತಿಯಿಂದಲೋ ಒಂದು ತಂದು ಎರಡು ಅಧ್ಯಾಯ ಓದು. ‘ಆಮೇಲೆ ಏನಾಯ್ತು?’ ಎಂದರೆ ಮುಂದುವರಿಸು. ‘ಅವರಿಗೆ ಹೇಗೆ ಗೊತ್ತು?’ ಎಂದರೆ ದುಡ್ಡು ಕೊಟ್ಟು ಕೊಂಡುಕೋ. ಬರೀ ಹೆಸರು, ಇಸವಿ ಒಪ್ಪಿಸತೊಡಗಿದನೋ, ಎಷ್ಟೇ ಹೆಸರುವಾಸಿ ಪುಸ್ತಕವಾಗಿರಲಿ, ವಾಪಸ್ ಕೊಟ್ಟುಬಿಡು.