ಎರಡು ತುದಿಗಳ ತಕ್ಕಡಿ: ಹಳೆಯ ಡಿಫರೆನ್ಷಿಯಲ್ ಪ್ರೋಬ್

ಕನ್ನಡ ಕಲಿಸುವವರಿಗೆ ಆಸಿಲೋಸ್ಕೋಪಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಅದಕ್ಕೆ ಕಾರಣ ಒಂದು ಸಂಧಿ. ಹತ್ತನೆಯ ತರಗತಿಯಲ್ಲಿ ಸವರ್ಣದೀರ್ಘ ಸಂಧಿಗೆ ಉದಾಹರಣೆ ಕೇಳಿದಾಗ ಒಬ್ಬ ವಿದ್ಯಾರ್ಥಿ ದೇವಾಲಯ, ವಿದ್ಯಾಭ್ಯಾಸ ಮುಂತಾದವನ್ನು ಬಿಟ್ಟು 'ವಿಭವಾಂತರ' ಎಂದನು. ವಿಭವಕ್ಕೆ ಅಂತರ ಸೇರಿ ವಿಭವಾಂತರ. ವಿಜ್ಞಾನದ ಪುಸ್ತಕದಿಂದ ಬಂದ ಉದಾಹರಣೆ ನಮಗೆ ಬಹಳ ಹಿಡಿಸಿತು. ಹಾಗಾದರೆ ಅಂತರ ಎಲ್ಲಿಂದ ಎಲ್ಲಿಗೆ ಎಂದು ಕೇಳಿದೆವು. ತರಗತಿ ಸುಮ್ಮನಾಯಿತು. ಮನೆಯಲ್ಲಿ 230 ವೋಲ್ಟ್ ಇದೆ ಎನ್ನುತ್ತೇವೆ, ಬ್ಯಾಟರಿಯಲ್ಲಿ 9 ವೋಲ್ಟ್ ಇದೆ ಎನ್ನುತ್ತೇವೆ. ಆದರೆ ಒಂದೇ ತಂತಿಗೆ ವೋಲ್ಟೇಜ್ ಎಂಬುದಿಲ್ಲ. ಎರಡು ಸ್ಥಳಗಳ ನಡುವಿನ ಅಂತರಕ್ಕೆ ಆ ಹೆಸರು. ಸಂಧಿ ಬಿಡಿಸಲು ಬಂದವರೂ ಈ 'ಅಂತರ'ವನ್ನು ಮರೆತುಬಿಡುತ್ತಾರೆ. ಮರೆತವರು ಪರೀಕ್ಷೆಯಲ್ಲಿ ಒಂದು ಅಂಕ ಕಳೆದುಕೊಳ್ಳಬಹುದು, ಕೆಲಸದ ಜಾಗದಲ್ಲಿ ಪ್ರಾಣವನ್ನೇ ಕಳೆದುಕೊಳ್ಳಬಹುದು.

ನಮ್ಮ ಶಾಲೆಯ ಪಾಲಕರಲ್ಲಿ ಅನೇಕರು ಮುರ್ಮುಗಾಂವ್ ಬಂದರಿನಲ್ಲಿ, ಹಡಗುಗಳ ದುರಸ್ತಿಯಲ್ಲಿ, ವೇಬ್ರಿಜ್‌ಗಳಲ್ಲಿ, ಕ್ರೇನ್‌ಗಳಲ್ಲಿ ದುಡಿಯುವವರು. ಈ ಬಂದರು 1964ರಿಂದ ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಅದಕ್ಕೂ ಮೊದಲೇ, 1957ರಲ್ಲಿ, ವಾಸ್ಕೋದಲ್ಲಿ ಈಗ ಗೋವಾ ಶಿಪ್‌ಯಾರ್ಡ್ ಎನಿಸಿರುವ ಹಡಗುಕಟ್ಟೆ ಹುಟ್ಟಿತ್ತು. ಇಂಥ ಊರಿನಲ್ಲಿ ವಿದ್ಯುತ್ ಅಳೆಯುವ ಉಪಕರಣಗಳು ಮನೆಮಾತಾಗಿರುವುದು ಸಹಜ. ಹೀಗೆಯೇ ಒಬ್ಬ ವಿದ್ಯಾರ್ಥಿನಿಯ ತಂದೆಯವರು, ಹಡಗಿನ ಇಲೆಕ್ಟ್ರಿಶಿಯನ್ ಆಗಿ ನಿವೃತ್ತರಾದವರು, ಗುಜರಿಯಲ್ಲಿ ಕೊಂಡಿದ್ದ ಹಳೆಯ ಡಿಫರೆನ್ಷಿಯಲ್ ಪ್ರೋಬ್ ಒಂದನ್ನು ಶಾಲೆಗೆ ಕೊಟ್ಟರು. ತಯಾರಕರ ಹೆಸರಿನ ಪಟ್ಟಿ ಅಳಿಸಿಹೋಗಿದೆ. ಅದನ್ನು ಬಳಸಿದ, ಕೆಟ್ಟದ್ದನ್ನು ಸರಿಪಡಿಸಿದ, ಮತ್ತೆ ಅಳತೆಗೆ ಕೂಡಿಸಿದ ಬಗೆಯನ್ನು ವಿಜ್ಞಾನ ಶಿಕ್ಷಕರ ಜೊತೆ ಕುಳಿತು ಇಲ್ಲಿ ಬರೆದಿದ್ದೇವೆ.

ಮೊದಲು ಆಸಿಲೋಸ್ಕೋಪ್. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಬೆಳಕಿನ ಗೆರೆಯಾಗಿ ಬರೆದು ತೋರಿಸುವ ಉಪಕರಣವಿದು. ಅಳೆಯಬೇಕಾದ ಜಾಗಕ್ಕೆ ಮುಟ್ಟಿಸುವ ಕಡ್ಡಿಯೇ ಪ್ರೋಬ್. ಸಾಮಾನ್ಯ ಪ್ರೋಬಿಗೆ ಒಂದು ಮೊನೆ, ಒಂದು ಮೊಸಳೆ ಕ್ಲಿಪ್. ಎರಡು ಸ್ಥಳ ಮುಟ್ಟಿಸಲು ಎರಡು ತುದಿ ಇದೆಯಲ್ಲ, ಸಾಕಲ್ಲವೇ ಎಂದು ನಾವೂ ತಿಳಿದಿದ್ದೆವು. ತಪ್ಪು ಅಲ್ಲಿಯೇ ಇದೆ. ಆ ಕ್ಲಿಪ್ ಸ್ವತಂತ್ರವಲ್ಲ. ಅದು ಆಸಿಲೋಸ್ಕೋಪಿನ ಲೋಹದ ಮೈಗೂ, ಅಲ್ಲಿಂದ ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಭೂಮಿಗೂ ಸೇರಿದೆ. ಅಂದರೆ ಕ್ಲಿಪ್ಪನ್ನು ಎಲ್ಲಿ ಕಚ್ಚಿಸಿದರೂ ಆ ಜಾಗವನ್ನು ನೆಲಕ್ಕೆ ಕಟ್ಟಿದಂತೆ.

ಇದನ್ನು ನಾವು ಕಲಿತದ್ದು ಒಂದು ಡಯೋಡಿನ ಬೆಲೆ ತೆತ್ತು. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ನಾಲ್ಕು ಡಯೋಡುಗಳ ಸೇತುವೆ ಕಟ್ಟಿ, ಒಳಗೆ ಹೋಗುವ ತರಂಗವನ್ನೂ ಹೊರಗೆ ಬರುವುದನ್ನೂ ಒಟ್ಟಿಗೆ ತೋರಿಸಬೇಕೆಂದು ಎರಡು ಪ್ರೋಬ್ ಹಚ್ಚಿದೆವು. ಒಂದರ ಕ್ಲಿಪ್ ಟ್ರಾನ್ಸ್‌ಫಾರ್ಮರಿನ ಒಂದು ತುದಿಗೆ, ಇನ್ನೊಂದರದು ಸೇತುವೆಯ ಋಣ ತುದಿಗೆ. ಕ್ಷಣದಲ್ಲಿ ಹೊಗೆ. ಎರಡು ಕ್ಲಿಪ್‌ಗಳೂ ಒಳಗೆ ಒಂದೇ ತಂತಿಯಾದುದರಿಂದ ನಡುವಿನ ಡಯೋಡ್ ಶಾರ್ಟ್ ಆಯಿತು. ಅದರ ಪಕ್ಕದ ಡಯೋಡಿನ ಮೇಲೆ ಟ್ರಾನ್ಸ್‌ಫಾರ್ಮರಿನ ಪೂರ್ತಿ ವೋಲ್ಟೇಜ್ ನೇರವಾಗಿ ಬಿದ್ದು ಅದು ಸುಟ್ಟಿತು. ಮಕ್ಕಳು ಚಪ್ಪಾಳೆ ತಟ್ಟಿದರು. 12 ವೋಲ್ಟ್ ಆಗಿದ್ದರಿಂದ ಚಪ್ಪಾಳೆಯಲ್ಲಿ ಮುಗಿಯಿತು.

ಈಗ ಪಾಲಕರಿಗೆ ಒಂದು ಮಾತು. ಈ ತೊಂದರೆ ತಪ್ಪಿಸಲು ಕೆಲವರು ಆಸಿಲೋಸ್ಕೋಪಿನ ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಮುರಿದುಬಿಡುತ್ತಾರೆ. ಆಗ ಹಚ್ಚಿದ ಕ್ಲಿಪ್ ಒಂದೇ ಆಗಿದ್ದರೆ ಹೊಗೆ ಬರುವುದಿಲ್ಲ, ನಿಜ. ಆದರೆ ಕ್ಲಿಪ್ಪನ್ನು ಮುಟ್ಟಿಸಿದ ಫೇಸ್ ಈಗ ಉಪಕರಣದ ಲೋಹದ ಮೈಯಲ್ಲೆಲ್ಲ ಬಂದು ನಿಲ್ಲುತ್ತದೆ. 230 ವೋಲ್ಟಿನ ತರಂಗದ ನೆತ್ತಿ ಸುಮಾರು 325 ವೋಲ್ಟ್. ಗುಂಡಿ ತಿರುಗಿಸಲು ಕೈ ಚಾಚಿದವರ ಗತಿ ಏನು? ಮುರಿದ ಪಿನ್ನಿನ ಉಪಕರಣ ನಿಮ್ಮ ಕೆಲಸದ ಜಾಗದಲ್ಲಿದ್ದರೆ, ಅದನ್ನು ಸರಿಪಡಿಸುವವರೆಗೆ ಮುಟ್ಟಬೇಡಿರಿ. ನಿಮ್ಮ ಮೇಲಿನವರು ನಕ್ಕರೆ ನಗಲಿ.

ಹಡಗಿನಲ್ಲಿ ವಿಷಯ ಇನ್ನೂ ಸೂಕ್ಷ್ಮ. ಸರಕು ಹಡಗುಗಳಲ್ಲಿ ಸಾಮಾನ್ಯವಾಗಿ 440 ವೋಲ್ಟ್, 60 ಹರ್ಟ್ಜಿನ ಮೂರು ಫೇಸ್ ವಿದ್ಯುತ್ ಇರುತ್ತದೆ. ದಡದ ಮೇಲಿನಂತೆ ಅದರ ನ್ಯೂಟ್ರಲ್ಲನ್ನು ಭೂಮಿಗೆ, ಎಂದರೆ ಹಡಗಿನ ಮೈಗೆ, ಕಟ್ಟಿರುವುದಿಲ್ಲ. ಸಮುದ್ರದ ನಡುವೆ ಒಂದು ತಂತಿ ಎಲ್ಲೋ ಮೈಗೆ ತಗುಲಿದ ಮಾತ್ರಕ್ಕೆ ಚುಕ್ಕಾಣಿಯ ಮೋಟಾರು ನಿಂತುಹೋಗಬಾರದೆಂದೇ ಈ ಏರ್ಪಾಡು. ಮೂರು ದೀಪಗಳನ್ನು ಫೇಸ್‌ಗಳಿಂದ ಮೈಗೆ ಕಟ್ಟಿರುತ್ತಾರೆ. ಯಾವ ಫೇಸ್ ಮೈಗೆ ತಗುಲಿತೋ ಅದರ ದೀಪ ಮಂಕಾಗುತ್ತದೆ, ಉಳಿದೆರಡು ಹೆಚ್ಚು ಉರಿಯುತ್ತವೆ. ಅಂಥಲ್ಲಿ ನಮ್ಮ ಆಸಿಲೋಸ್ಕೋಪಿನ ಕ್ಲಿಪ್ಪನ್ನು ಒಂದು ಫೇಸಿಗೆ ಕಚ್ಚಿಸಿದರೆ ನಾವೇ ಮೊದಲನೆಯ ದೋಷ ಮಾಡಿದಂತಾಯಿತು. ಬೇರೆಲ್ಲೋ ಇನ್ನೊಂದು ಫೇಸ್ ತಗುಲಿದ ಗಳಿಗೆಯಲ್ಲಿ ಆ ಸಣ್ಣ ತಂತಿಯ ಮೂಲಕವೇ ಎರಡು ಫೇಸ್‌ಗಳು ಕೂಡುತ್ತವೆ.

ಆದುದರಿಂದ ಬೇಕಾದದ್ದು, ಎರಡು ತುದಿಗಳೂ ನೆಲದ ಹಂಗಿಲ್ಲದೆ ಇರುವ ಪ್ರೋಬ್. ಅದೇ ಡಿಫರೆನ್ಷಿಯಲ್ ಪ್ರೋಬ್. ಕನ್ನಡದಲ್ಲಿ ವ್ಯತ್ಯಾಸದ ಪ್ರೋಬ್ ಎನ್ನಬಹುದು. ನಾವು ತರಗತಿಯಲ್ಲಿ ತಕ್ಕಡಿ ಪ್ರೋಬ್ ಎಂದೇ ಕರೆಯುತ್ತೇವೆ. ತಕ್ಕಡಿಯನ್ನು ಮಾಳಿಗೆಯಲ್ಲಿ ಹಿಡಿದರೂ ಬಾವಿಕಟ್ಟೆಯ ಮೇಲೆ ಹಿಡಿದರೂ ತೂಕ ಒಂದೇ. ಅದು ನೋಡುವುದು ಎರಡು ತಟ್ಟೆಗಳ ವ್ಯತ್ಯಾಸವನ್ನು ಮಾತ್ರ. ಹಾಗೆಯೇ ಎರಡು ತುದಿಗಳಿಗೂ ಸಮನಾಗಿ ಬಂದದ್ದನ್ನು ಈ ಪ್ರೋಬ್ ಬಿಟ್ಟು, ಅಂತರವನ್ನಷ್ಟೇ ಪರದೆಗೆ ಕಳಿಸಬೇಕು.

ಎಷ್ಟರ ಮಟ್ಟಿಗೆ ಬಿಡುತ್ತದೆ ಎಂಬುದರಲ್ಲಿ ಅದರ ಯೋಗ್ಯತೆ ಇದೆ. ಲಾರಿ ತೂಗುವ ವೇಬ್ರಿಜ್ಜನ್ನೇ ತೆಗೆದುಕೊಳ್ಳೋಣ. ಅದರ ಕೆಳಗಿನ ಲೋಡ್‌ಸೆಲ್ ಎಂಬುದು ನಾಲ್ಕು ರೋಧಕಗಳ ಸೇತುವೆ, ನೀವು ಓದುವ ವೀಟ್‌ಸ್ಟನ್ ಸೇತುವೆಯೇ. ಅದಕ್ಕೆ 10 ವೋಲ್ಟ್ ಕೊಟ್ಟರೆ ಹೊರಬರುವ ಎರಡು ತಂತಿಗಳೂ ಸುಮಾರು 5 ವೋಲ್ಟಿನಲ್ಲಿ ನಿಂತಿರುತ್ತವೆ. ಪೂರ್ತಿ ಭಾರ ಬಿದ್ದಾಗ ಅವುಗಳ ನಡುವಿನ ಅಂತರ ಸಾಮಾನ್ಯವಾಗಿ 20 ಮಿಲಿವೋಲ್ಟ್ ಮಾತ್ರ. ವೇಬ್ರಿಜ್ 60 ಟನ್ನಿನದಾದರೆ ಒಂದು ಮಿಲಿವೋಲ್ಟಿಗೆ 3 ಟನ್. ಅಂಕಿ ಕುಣಿಯತೊಡಗಿದಾಗ ದೋಷ ಹುಡುಕುವವನು ನೋಡಬೇಕಾದದ್ದು ಈ 20 ಮಿಲಿವೋಲ್ಟನ್ನು, 5 ವೋಲ್ಟನ್ನಲ್ಲ.

ಎರಡು ಸಾಮಾನ್ಯ ಪ್ರೋಬ್‌ಗಳನ್ನು ಹಚ್ಚಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸುವ ಗುಂಡಿ ಅನೇಕ ಆಸಿಲೋಸ್ಕೋಪುಗಳಲ್ಲಿದೆ. ಆದರೆ ಎರಡು ಪ್ರೋಬ್‌ಗಳು ನೂರಕ್ಕೆ ಒಂದರಷ್ಟು ಬೇರೆಯಾಗಿದ್ದರೂ 5 ವೋಲ್ಟಿನ ನೂರನೆಯ ಒಂದು ಭಾಗ, ಎಂದರೆ 50 ಮಿಲಿವೋಲ್ಟ್, ಸುಳ್ಳು ಅಂತರವಾಗಿ ಕಾಣುತ್ತದೆ. ಲೆಕ್ಕ ಹಾಕಿರಿ: ಇಲ್ಲದ ಲಾರಿಯೊಂದು 150 ಟನ್ ತೂಗಿತು! ಇದಕ್ಕಾಗಿಯೇ ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1946ರಲ್ಲಿ ಹುಟ್ಟಿದ ಟೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ಪಿ6046 ಎಂಬ ಡಿಫರೆನ್ಷಿಯಲ್ ಪ್ರೋಬನ್ನು ಹೊರತಂದಿತು. ಕಡಿಮೆ ಆವರ್ತನಗಳಲ್ಲಿ ಅದು ಸಮಾನವಾಗಿ ಬಂದದ್ದರ 10,000ದಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುತ್ತಿತ್ತು. ನಮ್ಮ ವೇಬ್ರಿಜ್ಜಿಗೆ ಅದು ಅರ್ಧ ಮಿಲಿವೋಲ್ಟ್, ಒಂದೂವರೆ ಟನ್. ಇದೂ ದೊಡ್ಡದೇ ಅಲ್ಲವೇ ಎಂದರೆ, ನಿಂತ ತಪ್ಪನ್ನು ಖಾಲಿ ವೇಬ್ರಿಜ್ಜಿನ ಮೇಲೆ ಸೊನ್ನೆ ಮಾಡಿ ಕಳೆಯಬಹುದು. ಕುಣಿಯುವ ತಪ್ಪನ್ನು ಹಾಗೆ ಕಳೆಯಲಾಗದು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಇಂಥ ಹಳೆಯ ಪ್ರೋಬ್‌ಗಳು ಸಣ್ಣ ವೋಲ್ಟೇಜಿನವು. ಮನೆಯ ಲೈನಿಗೆ, ಹಡಗಿನ 440 ವೋಲ್ಟಿಗೆ ಇವನ್ನು ಹಚ್ಚಕೂಡದು. ಅದಕ್ಕೆ ಹೆಚ್ಚಿನ ವೋಲ್ಟೇಜಿನ ಡಿಫರೆನ್ಷಿಯಲ್ ಪ್ರೋಬ್‌ಗಳೇ ಬೇರೆ ಇವೆ. ಅವುಗಳ ಮೈಮೇಲೆ ಎಷ್ಟು ವೋಲ್ಟಿನವರೆಗೆ ಎಂದು ಬರೆದಿರುತ್ತದೆ.

ನಮಗೆ ಬಂದ ಪ್ರೋಬಿನ ಸ್ಥಿತಿ ಚೆನ್ನಾಗಿರಲಿಲ್ಲ. ಬಂದರಿನ ಉಪ್ಪುಗಾಳಿಗೆ ತುದಿಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು. ಒಳಗಿನ ಹಲಗೆಯ ಮೇಲೆ ಧೂಳು, ಧೂಳಿನ ಮೇಲೆ ಮಳೆಗಾಲದ ಪಸೆ. ಈ ಪಸೆಯನ್ನು ಹಗುರವಾಗಿ ಎಣಿಸಬಾರದು. ಪ್ರೋಬಿನ ರೋಧಕಗಳು ಹತ್ತು ಲಕ್ಷ ಓಮ್‌ಗಳ ಲೆಕ್ಕದವು. ಅಂಥಲ್ಲಿ ಕೊಳೆಯೇ ಒಂದು ತಂತಿಯ ಕೆಲಸ ಮಾಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆದು ಬ್ರಷ್ ಅದ್ದಿ ತೊಳೆದು, ಎರಡು ದಿನ ಒಣಗಲು ಬಿಟ್ಟೆವು. ಅಷ್ಟಕ್ಕೇ ಅರ್ಧ ರೋಗ ಹೋಯಿತು.

ಉಳಿದ ಅರ್ಧದಲ್ಲಿ ಮೊದಲು ನೋಡಿದ್ದು ವಿದ್ಯುತ್ ಕೊಡುವ ಪೆಟ್ಟಿಗೆಯನ್ನು. ಯಾವ ಹಳೆಯ ಉಪಕರಣವಾದರೂ ಅಲ್ಲಿಂದಲೇ ಆರಂಭಿಸಬೇಕು. ಅನ್ನವೇ ಸರಿಯಿಲ್ಲದಿದ್ದರೆ ಔಷಧಿ ಏನು ಮಾಡೀತು! ಅದರ ಇಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಒಣಗಿಹೋಗಿ ಪರದೆಯ ಮೇಲೆ 100 ಹರ್ಟ್ಜಿನ ಅಲೆ ಕಾಣುತ್ತಿತ್ತು. ಪ್ಲಗ್ ತೆಗೆದು, ಕೆಪಾಸಿಟರ್‌ಗಳಲ್ಲಿ ಉಳಿದದ್ದನ್ನು ರೋಧಕದ ಮೂಲಕ ಬರಿದು ಮಾಡಿ, ಧನ ಋಣ ತಪ್ಪದಂತೆ ಹೊಸವನ್ನು ಬೆಸೆದೆವು. ಈ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಕೊಡಲಿಲ್ಲ. ನಿವೃತ್ತ ತಂದೆಯವರೇ ಬಂದು ಮಾಡಿದರು.

ಕೊನೆಗೆ ಸಿಕ್ಕ ದೋಷವೇ ಮುಖ್ಯವಾದುದು. ಎರಡು ತುದಿಗಳ ಹಿಂದೆ ಒಂದೊಂದು ಫೀಲ್ಡ್ ಇಫೆಕ್ಟ್ ಟ್ರಾನ್ಸಿಸ್ಟರ್ ಇರುತ್ತದೆ. ಇವೇ ತಕ್ಕಡಿಯ ಎರಡು ತೋಳುಗಳು. ಒಂದು ಸತ್ತಿತ್ತು. ಒಂದು ಸತ್ತರೆ ಎರಡನ್ನೂ ಬದಲಿಸಬೇಕು, ಏಕೆಂದರೆ ಅವು ಜೊತೆಯಾಗಿರಬೇಕು. ಒಂದೇ ನಂಬರಿನವಾದರೂ ಎರಡು ಟ್ರಾನ್ಸಿಸ್ಟರ್‌ಗಳು ಒಂದೇ ರೀತಿ ಇರುವುದಿಲ್ಲ. ಬಿಎಫ್‌ಡಬ್ಲ್ಯು 11 ಎಂಬವನ್ನು ಹತ್ತು ತರಿಸಿ, ಗೇಟನ್ನು ಸೋರ್ಸಿಗೆ ಕೂಡಿಸಿ, 9 ವೋಲ್ಟಿನ ಬ್ಯಾಟರಿಯಿಂದ ಎಷ್ಟು ಮಿಲಿಆಂಪಿಯರ್ ಹರಿಯುತ್ತದೆಂದು ಮಕ್ಕಳೇ ಒಂದೊಂದನ್ನೂ ಅಳೆದು ಬರೆದರು. ನಾಲ್ಕರ ಮೇಲಿನಿಂದ ಹತ್ತರ ಸಮೀಪದವರೆಗೆ ಬಂತು. ಸಂತೆಯಲ್ಲಿ ಜೋಡೆತ್ತು ಆರಿಸಿದಂತೆ, ಹತ್ತಿರದ ಎರಡನ್ನು ಆರಿಸಿಕೊಂಡೆವು. ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೂ ಜೊತೆ ಕೆಡುವುದರಿಂದ ಎರಡನ್ನೂ ಒತ್ತಾಗಿ ಕೂಡಿಸಿ ತಾಮ್ರದ ಪಟ್ಟಿ ಸುತ್ತಿದೆವು. ಈ ಪ್ರೋಬಿಗೆ ಹುಟ್ಟಿನಿಂದ ಇದ್ದ ವೇಗ ಇದರಿಂದ ಮರಳದು. ನಮ್ಮ ಶಾಲೆಯ ಕೆಲಸಕ್ಕೆ ಸಾಕು.

ಇನ್ನು ಕ್ಯಾಲಿಬ್ರೇಷನ್, ಎಂದರೆ ಅಳತೆಯನ್ನೇ ಅಳೆದು ನೋಡುವುದು. ಅರ್ಧ ಗಂಟೆ ಚಾಲು ಇಟ್ಟು ಬಿಸಿಯಾದ ಮೇಲೆಯೇ ಆರಂಭಿಸಬೇಕು. ತಕ್ಕಡಿಯನ್ನು ಪರೀಕ್ಷಿಸಲು ನಮ್ಮ ಅಜ್ಜಿಯರು ಏನು ಮಾಡುತ್ತಿದ್ದರು? ಮೊದಲು ಬರಿ ತಟ್ಟೆ ನೋಡುತ್ತಿದ್ದರು. ಸಮವಿಲ್ಲದಿದ್ದರೆ ಹಗುರ ಕಡೆಗೆ ಒಂದು ಹರಳು ಕಟ್ಟಿಸುತ್ತಿದ್ದರು. ಮರಾಠಿ ವ್ಯಾಪಾರಿಗಳು ಅದಕ್ಕೆ ಪಾಸಂಗ ಎನ್ನುತ್ತಾರೆ. ಪ್ರೋಬಿನ ಎರಡೂ ತುದಿಗಳನ್ನು ಕೂಡಿಸಿ ಪ್ರೋಬಿನ ನೆಲಕ್ಕೆ ಮುಟ್ಟಿಸಿದಾಗ ಗೆರೆ ಸೊನ್ನೆಯ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಬ್ಯಾಲೆನ್ಸ್ ಸ್ಕ್ರೂ ತಿರುಗಿಸಬೇಕು. ಅದೇ ನಮ್ಮ ಪಾಸಂಗ.

ಎರಡನೆಯದು, ಎರಡು ತಟ್ಟೆಗೂ ಒಂದೇ ತೂಕ. ಆಸಿಲೋಸ್ಕೋಪಿನ ಮುಖದ ಮೇಲೆ ಕ್ಯಾಲಿಬ್ರೇಷನ್ನಿಗೆಂದೇ 1,000 ಹರ್ಟ್ಜಿನ ಚೌಕ ತರಂಗ ಸಿಗುತ್ತದೆ. ಎರಡು ತುದಿಗಳನ್ನೂ ಅಲ್ಲಿಗೇ ಮುಟ್ಟಿಸಿದರೆ ಪರದೆಯ ಮೇಲೆ ಏನೂ ಕಾಣಬಾರದು. ನಮ್ಮದರಲ್ಲಿ 4 ವೋಲ್ಟಿನ ತರಂಗ ಕೊಟ್ಟಾಗ 40 ಮಿಲಿವೋಲ್ಟಿನ ಚೌಕವೇ ಕಂಡಿತು, ಎಂದರೆ ನೂರರಲ್ಲಿ ಒಂದು ಪಾಲು ಸೋರುತ್ತಿತ್ತು. ಚೌಕದ ಚಪ್ಪಟೆ ಭಾಗ ಉಳಿದಿದ್ದರೆ ರೋಧಕವನ್ನು, ಅಂಚುಗಳಲ್ಲಿ ಮುಳ್ಳು ಎದ್ದಿದ್ದರೆ ಟ್ರಿಮ್ಮರ್ ಕೆಪಾಸಿಟರನ್ನು ಹೊಂದಿಸಬೇಕು. ಟ್ರಿಮ್ಮರನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದಲೇ ತಿರುಗಿಸಬೇಕು. ಕಬ್ಬಿಣದ್ದು ತಾನೇ ಕೆಪಾಸಿಟರಿನ ಭಾಗವಾಗಿ, ಕೈ ತೆಗೆದೊಡನೆ ಅಳತೆ ಬದಲಾಗುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಸ್ವಲ್ಪ ಕೆಡುತ್ತದೆ. ಆದ್ದರಿಂದ ಮತ್ತೆ ಮೊದಲಿನಿಂದ. ಮೂರು ಶನಿವಾರ ಹಿಡಿಯಿತು. ಕೊನೆಗೆ 2 ಮಿಲಿವೋಲ್ಟಿಗೆ ಇಳಿಯಿತು, ಎಂದರೆ ಎರಡು ಸಾವಿರದಲ್ಲಿ ಒಂದು. ದೊಡ್ಡ ಕಂಪನಿಯ ಹೊಸ ಪ್ರೋಬ್ ನಗಬಹುದು. ನಾವು ಸಿಹಿ ಹಂಚಿದೆವು.

ಮೂರನೆಯದು, ತಿಳಿದ ತೂಕದ ಕಲ್ಲು. ಒಂದು ತುದಿಯನ್ನು ನೆಲಕ್ಕೆ ಹಿಡಿದು, ಇನ್ನೊಂದಕ್ಕೆ ತಿಳಿದ ವೋಲ್ಟೇಜ್ ಕೊಟ್ಟು, ಗೆರೆ ಎಷ್ಟು ಚೌಕ ಏರಿತೆಂದು ನೋಡುವುದು. ಟಾರ್ಚಿನ ಸೆಲ್ 1.5 ವೋಲ್ಟ್ ಎಂದು ಬರೆದಿದ್ದರೂ ಹೊಸದು ಅದಕ್ಕಿಂತ ಸ್ವಲ್ಪ ಹೆಚ್ಚೇ ಇರುವುದರಿಂದ, ಒಳ್ಳೆಯ ಡಿಜಿಟಲ್ ಮೀಟರಿನಿಂದ ಅಳೆದು ಬಳಸಿದೆವು. ಆ ಮೀಟರ್ ಸರಿಯೆಂದು ಹೇಗೆ ನಂಬುವುದೆಂದು ಒಬ್ಬಳು ಕೇಳಿದಳು. ಮೀಟರನ್ನು ಅದಕ್ಕಿಂತ ಉತ್ತಮವಾದುದರೊಡನೆ, ಅದನ್ನು ಇನ್ನೂ ಉತ್ತಮವಾದುದರೊಡನೆ ಹೋಲಿಸುತ್ತ ಹೋದರೆ, ನಮ್ಮ ದೇಶದಲ್ಲಿ ಆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಮುಗಿಯುತ್ತದೆ. ನಮ್ಮ ಮೀಟರಿಗೆ ಆ ಸರಪಳಿಯ ಪ್ರಮಾಣಪತ್ರವಿಲ್ಲ. ಅದನ್ನೂ ದಾಖಲೆ ಪುಸ್ತಕದಲ್ಲಿ ಬರೆಸಿದ್ದೇವೆ.

ಕೊನೆಯದು ಅಜ್ಜಿಯರ ಹಳೆಯ ಉಪಾಯ: ತಟ್ಟೆ ಅದಲುಬದಲು ಮಾಡಿ ತೂಗಿಸುವುದು. ಧನ ತುದಿಯನ್ನು ಋಣದ ಜಾಗಕ್ಕೆ, ಋಣವನ್ನು ಧನದ ಜಾಗಕ್ಕೆ ಇಟ್ಟರೆ ಗೆರೆ ಅಷ್ಟೇ ಎತ್ತರದಲ್ಲಿ ಕೆಳಮುಖವಾಗಬೇಕು. ಮೋಸದ ತಕ್ಕಡಿ ಇಲ್ಲಿ ಸಿಕ್ಕಿಬೀಳುತ್ತದೆ.

ಪ್ರೋಬನ್ನು ವಿಜ್ಞಾನ ಕೊಠಡಿಯ ಎರಡನೆಯ ಕಪಾಟಿನಲ್ಲಿ, ಸಿಲಿಕಾ ಜೆಲ್ ಚೀಲಗಳೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇವೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಸೊನ್ನೆ ಮತ್ತೆ ಸರಿದಿತ್ತು. ದಾಖಲೆ ಪುಸ್ತಕದಲ್ಲಿ ದಿನಾಂಕ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ನೋಡಬಹುದು, ಪಾಲಕರೂ ಬರಬಹುದು. ಕೈ ಒಣಗಿರಲಿ, ಬಳೆ, ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು ಬನ್ನಿರಿ.