ಶಬ್ದ ಹಳೆಯದು, ಅರ್ಥ ಹೊಸದು

ಅಡುಗೆಮನೆಯಲ್ಲಿ ದಿನವೂ ಕಿವಿಗೆ ಬೀಳುವ ‘ಎಣ್ಣೆ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ. ಅದು ‘ಎಳ್’ ಮತ್ತು ‘ನೆಯ್’ ಎಂಬೆರಡು ಪದಗಳು ಕೂಡಿ ಆದ ಶಬ್ದ. ಎಳ್ ಎಂದರೆ ಎಳ್ಳು. ನೆಯ್ ಎಂದರೆ ಜಿಡ್ಡು. ‘ಬೆಣ್ಣೆ’ಯಲ್ಲಿರುವುದೂ ಇದೇ ನೆಯ್, ಬೆಳ್ಳಗಿರುವ ಜಿಡ್ಡು ಬೆಣ್ಣೆ. ಹಾಗಾದರೆ ಎಣ್ಣೆಯೆಂದರೆ ಮೂಲದಲ್ಲಿ ಎಳ್ಳಿನಿಂದ ತೆಗೆದ ಜಿಡ್ಡು ಮಾತ್ರ. ಇಂದಾದರೋ ನಾವು ಕೊಬ್ಬರಿ ಎಣ್ಣೆ, ಹರಳೆಣ್ಣೆ ಎನ್ನುತ್ತೇವೆ. ಭೂಗರ್ಭದಿಂದ ಬಂದುದನ್ನೂ ಸೀಮೆಎಣ್ಣೆ ಎಂದು ಕರೆಯುತ್ತೇವೆ. ‘ಎಳ್ಳೆಣ್ಣೆ’ ಎನ್ನುವಾಗ ಎಳ್ಳಿನ ಹೆಸರನ್ನು ಎರಡು ಸಲ ಹೇಳುತ್ತಿದ್ದೇವೆಂಬ ಅರಿವೇ ನಮಗಿರುವುದಿಲ್ಲ.

ಇದು ಕನ್ನಡಕ್ಕೆ ಮಾತ್ರ ಒದಗಿದುದಲ್ಲ. ಸಂಸ್ಕೃತದ ‘ತೈಲ’ ಹುಟ್ಟಿದ್ದು ‘ತಿಲ’ದಿಂದ, ತಿಲವೆಂದರೂ ಎಳ್ಳೇ. ಇಂಗ್ಲಿಷಿನ ‘ಆಯಿಲ್’ ಶಬ್ದದ ಮೂಲವನ್ನು ಹುಡುಕುತ್ತ ಹೋದರೆ ಲ್ಯಾಟಿನ್ ಭಾಷೆಯ ಮೂಲಕ ಗ್ರೀಕರ ಆಲಿವ್ ಮರವನ್ನು ತಲಪುತ್ತೇವೆ. ಎಲ್ಲಿ ಯಾವ ಎಣ್ಣೆಯ ಬಳಕೆ ಹೆಚ್ಚೋ ಅಲ್ಲಿ ಅದರ ಹೆಸರೇ ಎಲ್ಲ ಎಣ್ಣೆಗಳಿಗೂ ಸಂದಿತು. ಹೀಗೆ ಬೇರೆ ಬೇರೆ ಭಾಷೆಗಳಲ್ಲಿ ಒಂದೇ ಬಗೆಯ ಬದಲಾವಣೆ ಕಾಣುವುದರಿಂದಲೇ ಇದು ಶಾಸ್ತ್ರೀಯ ಅಧ್ಯಯನಕ್ಕೆ ವಸ್ತುವಾಗಿದೆ. ಫ್ರಾನ್ಸಿನ ಮಿಶೆಲ್ ಬ್ರೆಯಾಲನು ಅರ್ಥವಿಚಾರವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದುದು 1897ರಲ್ಲಿ. ಎಣ್ಣೆಯಲ್ಲಿ ನಾವು ಕಂಡ ಬದಲಾವಣೆಗೆ ‘ಅರ್ಥವಿಸ್ತಾರ’ವೆಂದು ಹೆಸರು.

ಇದಕ್ಕೆ ವಿರುದ್ಧವಾದುದು ‘ಅರ್ಥಸಂಕೋಚ’. ಋಗ್ವೇದದ ಕಾಲದಲ್ಲಿ ‘ಮೃಗ’ವೆಂದರೆ ಯಾವುದೇ ಕಾಡುಪ್ರಾಣಿ, ಅಲ್ಲಿ ಆನೆಯನ್ನು ‘ಕೈಯುಳ್ಳ ಮೃಗ’ವೆಂದು ಕರೆದಿದ್ದಾರೆ. ಅನಂತರದ ಸಂಸ್ಕೃತದಲ್ಲಿ ಅದು ಮುಖ್ಯವಾಗಿ ಜಿಂಕೆಯ ಹೆಸರಾಯಿತು. ಕನ್ನಡದಲ್ಲಿ ಎರಡು ಅರ್ಥಗಳೂ ಉಳಿದಿವೆ: ಮೃಗರಾಜ, ಮೃಗಾಲಯಗಳಲ್ಲಿ ಹಳೆಯದು, ಮೃಗನಯನೆ, ಕಸ್ತೂರಿಮೃಗಗಳಲ್ಲಿ ಹೊಸದು.

ಮೂರನೆಯದು ‘ಹೀನಾರ್ಥಪ್ರಾಪ್ತಿ’. ಹಳಗನ್ನಡದ ‘ನಾಱು’ ಎಂಬ ಧಾತುವಿಗೆ ವಾಸನೆ ಬೀರು ಎಂದರ್ಥ. ಪರಿಮಳಕ್ಕೂ ಅದು ಸಲ್ಲುತ್ತಿತ್ತು. ಇಂದು ‘ನಾರುತ್ತದೆ’ ಎಂದರೆ ಮೂಗು ಮುಚ್ಚಿಕೊಳ್ಳಬೇಕು. ಅಹಿತವಾದುದನ್ನು ನೇರವಾಗಿ ಹೇಳಲು ಸಂಕೋಚಪಟ್ಟು ಜನರು ಸೌಮ್ಯವಾದ ಶಬ್ದವನ್ನು ಬಳಸುತ್ತಾರೆ. ಬಳಸಿ ಬಳಸಿ ಆ ಶಬ್ದಕ್ಕೇ ಕೊಳೆ ಅಂಟುತ್ತದೆ. ‘ಏನೋ ವಾಸನೆ ಬರುತ್ತಿದೆ’ ಎಂದಾಗ ನಮ್ಮ ಮನಸ್ಸಿಗೆ ಬರುವುದು ಮಲ್ಲಿಗೆಯೇ? ನಾಱು ನಡೆದ ದಾರಿಯಲ್ಲಿ ‘ವಾಸನೆ’ಯೂ ಈಗ ಹೆಜ್ಜೆಯಿಟ್ಟಿದೆ.

ಹೊಸ ವಸ್ತುಗಳು ಹುಟ್ಟಿದಾಗಲೂ ಹಳೆಯ ಶಬ್ದಗಳಿಗೆ ಹೊಸ ಕೆಲಸ ದೊರೆಯುತ್ತದೆ. ವಿದ್ಯುತ್ ಎಂದರೆ ಮಿಂಚು; ಇಂದು ಅದು ತಂತಿಯಲ್ಲಿ ಹರಿಯುತ್ತದೆ. ದೇವತೆಗಳ ವಿಮಾನದಲ್ಲಿ ಮನುಷ್ಯರು ಪ್ರಯಾಣಮಾಡುತ್ತಾರೆ. ಪುರಾಣಗಳ ಅಶರೀರವಾಣಿಯಾದ ‘ಆಕಾಶವಾಣಿ’ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರಾಯಿತು.

ಈ ವಿಚಾರ ಕೇವಲ ಕುತೂಹಲಕ್ಕಾಗಿ ಅಲ್ಲ. ಆಡುಮಾತಿನಲ್ಲಿ ‘ಅನುಮಾನ’ವೆಂದರೆ ಸಂಶಯ. ತರ್ಕಶಾಸ್ತ್ರದಲ್ಲಾದರೋ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದು ಅನುಮಾನ. ಅದು ಜ್ಞಾನಕ್ಕೆ ಒಂದು ಪ್ರಮಾಣ. ಇಂದಿನ ಅರ್ಥವನ್ನು ಅಲ್ಲಿಗೆ ಒಯ್ದ ವಿದ್ಯಾರ್ಥಿಗೆ ಶಾಸ್ತ್ರವೇ ತಲೆಕೆಳಗಾಗಿ ಕಂಡೀತು. ಹಾಗೆಯೇ ಪ್ರಾಚೀನ ಕಾವ್ಯದಲ್ಲಿ ಹೂವು ‘ನಾಱು’ವುದನ್ನು ಕಂಡು ಕವಿಯನ್ನು ಹಳಿದರೆ ತಪ್ಪು ಕವಿಯದಲ್ಲ. 13ನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದ ಕೊನೆಯಲ್ಲಿ ‘ಪ್ರಯೋಗಸಾರ’ವೆಂಬ ಭಾಗವನ್ನು ಸೇರಿಸಿ ಹಳೆಯ ಶಬ್ದಗಳಿಗೆ ಅರ್ಥ ಹೇಳಿದ್ದಾನೆ. ಅವನ ಕಾಲದ ಓದುಗರಿಗೇ ಆ ಸಹಾಯ ಬೇಕಿತ್ತೆಂದ ಮೇಲೆ ನಮಗೆ ಬೇಡವೆ?

ಆದುದರಿಂದ ಹಳೆಯ ಗ್ರಂಥಗಳನ್ನು ಓದುವಾಗ, ಅಪರಿಚಿತ ಶಬ್ದಕ್ಕಿಂತಲೂ ಪರಿಚಿತವೆಂದು ತೋರುವ ಶಬ್ದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅಪರಿಚಿತ ಶಬ್ದ ನಮ್ಮನ್ನು ನಿಘಂಟಿನ ಬಳಿಗೆ ಕಳುಹಿಸುತ್ತದೆ. ಪರಿಚಿತ ಶಬ್ದ ಹಾಗೆ ಮಾಡುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಅರ್ಥಗಳ ಜೊತೆಗೆ ಕಾವ್ಯ, ಶಾಸನಗಳ ಪ್ರಯೋಗಗಳೂ ದೊರೆಯುತ್ತವೆ. ದಿನಕ್ಕೊಂದು ಬಳಕೆಯ ಶಬ್ದವನ್ನು ಅದರಲ್ಲಿ ತೆರೆದು ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಲಿ.